ಹೊಸ ಅಪ್ಪಂದಿರನ್ನು ನಗಿಸುತ್ತಲೇ ಧೈರ್ಯ ಹೇಳುವ ಪುಸ್ತಕಗಳು: ಏನು ಕಲಿಯಬಹುದು, ಎಲ್ಲಿ ಎಚ್ಚರ ಬೇಕು?

ಮುಂಬೈ: ಮಗು ಹುಟ್ಟಿದ ಸುದ್ದಿ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಬಿದ್ದ ಐದೇ ನಿಮಿಷಕ್ಕೆ ಸಲಹೆಗಳ ಸುರಿಮಳೆ ಶುರುವಾಗುತ್ತದೆ. ಬಾಣಂತಿ ಏನು ತಿನ್ನಬೇಕು, ಏನು ತಿನ್ನಬಾರದು, ಮಗುವಿಗೆ ಯಾವ ಎಣ್ಣೆ ಹಚ್ಚಬೇಕು, ತೊಟ್ಟಿಲು ಯಾವ ದಿಕ್ಕಿಗಿರಬೇಕು ಎಂದು ಹೇಳುವವರು ಸಾಕಷ್ಟು ಮಂದಿ ಇರುತ್ತಾರೆ. ಅಪ್ಪನ ಪಾಲಿಗೆ ಬರುವುದು ಮಾತ್ರ ಒಂದೇ ಪ್ರಶ್ನೆ: 'ಪಾರ್ಟಿ ಯಾವಾಗ?'

2025ರ ಮಾರ್ಚ್ 24ರಂದು ಕನ್ನಡಿಗ ಕೆ.ಎಲ್. ರಾಹುಲ್ ಐಪಿಎಲ್‌ನಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ತಂಡದ ಮೊದಲ ಪಂದ್ಯ ಆಡಲಿಲ್ಲ. ಅಂದು ಅವರಿಗೆ ಮಗಳು ಹುಟ್ಟಿದ್ದಳು. ಅದಕ್ಕೂ ಮೊದಲು, 2020ರ ಕೊನೆಯಲ್ಲಿ ವಿರಾಟ್ ಕೊಹ್ಲಿ ಆಸ್ಟ್ರೇಲಿಯಾ ಪ್ರವಾಸದ ಮೊದಲ ಟೆಸ್ಟ್ ಮುಗಿಸಿ ಇದೇ ಕಾರಣಕ್ಕೆ ಮನೆಗೆ ಮರಳಿದಾಗ ಅದು ಸರಿಯೇ, ತಪ್ಪೇ ಎಂದು ದೇಶವೆಲ್ಲ ಚರ್ಚೆ ನಡೆದಿತ್ತು. ಅಪ್ಪನೂ ಮನೆಯಲ್ಲಿ ಇರಬೇಕು ಎಂಬ ಮಾತು ಈಗ ನಿಧಾನವಾಗಿ ಒಪ್ಪಿಗೆ ಪಡೆಯುತ್ತಿದೆ. ಆದರೆ ಮನೆಯಲ್ಲಿದ್ದು ಮಾಡಬೇಕಾದ್ದೇನು? ಇದಕ್ಕೆ ಉತ್ತರ ಹೇಳಲೆಂದೇ ಒಂದು ಬಗೆಯ ಪುಸ್ತಕಗಳಿವೆ. ಅವು ಮೊದಲು ನಗಿಸುತ್ತವೆ, ಆಮೇಲೆ ಡೈಪರ್ ಬದಲಿಸುವುದನ್ನು ಕಲಿಸುತ್ತವೆ.

ಏನಿದು ಅಪ್ಪಂದಿರ ಕೈಪಿಡಿ?

ಮಕ್ಕಳ ಪಾಲನೆಯ ಪುಸ್ತಕಗಳಿಗೆ ಧೈರ್ಯ ಹೇಳುವ ಧಾಟಿ ತಂದುಕೊಟ್ಟವರಲ್ಲಿ ಅಮೆರಿಕದ ಮಕ್ಕಳ ವೈದ್ಯ ಡಾ. ಬೆಂಜಮಿನ್ ಸ್ಪಾಕ್ ಪ್ರಮುಖರು. 1946ರಲ್ಲಿ ಬಂದ ಅವರ ಪುಸ್ತಕ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. ಗಾಬರಿ ಬೇಡ, ನಿಮ್ಮ ಮೇಲೆ ನೀವೇ ನಂಬಿಕೆ ಇಡಿ ಎಂಬುದೇ ಅದರ ಸಾರ. ಆದರೆ ಆರಂಭದಲ್ಲಿ ಅದು ಮಾತನಾಡಿದ್ದು ಮುಖ್ಯವಾಗಿ ಅಮ್ಮಂದಿರ ಜತೆಗೆ. ಅಪ್ಪನ ಹೊಣೆಗೆ ಹೆಚ್ಚು ಒತ್ತು ಸಿಕ್ಕಿದ್ದು 1970ರ ದಶಕದ ಪರಿಷ್ಕೃತ ಆವೃತ್ತಿಯಲ್ಲಿ.

ಅಪ್ಪಂದಿರನ್ನೇ ಉದ್ದೇಶಿಸಿದ ಪುಸ್ತಕಗಳ ಸಾಲು ನಂತರ ಬಂತು. 1995ರ 'ದಿ ಎಕ್ಸ್‌ಪೆಕ್ಟೆಂಟ್ ಫಾದರ್' ಗರ್ಭಾವಸ್ಥೆಯ ಒಂದೊಂದು ತಿಂಗಳನ್ನೂ ಅಪ್ಪನ ಕಡೆಯಿಂದ ವಿವರಿಸಿತು. 2004ರ 'ಬಿ ಪ್ರಿಪೇರ್ಡ್' ಹಳೆಯ ಸ್ಕೌಟ್ ಕೈಪಿಡಿಯ ಅಣಕದಂತೆ ಚಿತ್ರಗಳ ಸಮೇತ ಬಂತು. 2012ರಲ್ಲಿ ಬ್ರಿಟನ್‌ನ ಮಾಜಿ ಕಮಾಂಡೊ ನೀಲ್ ಸಿಂಕ್ಲೇರ್ 'ಕಮಾಂಡೊ ಡ್ಯಾಡ್' ಬರೆದರು. ಇದು ಮಗು ಸಾಕುವುದನ್ನು ಸೇನಾ ತರಬೇತಿಯ ಭಾಷೆಯಲ್ಲಿ ಹೇಳುವ ಪುಸ್ತಕ.

ಲೆಕ್ಕಾಚಾರ ಸರಳ. ಸಲಹೆ ಕೇಳಲು ಮುಜುಗರಪಡುವ ಗಂಡಸು ಜೋಕ್ ಓದಲು ಮುಜುಗರಪಡುವುದಿಲ್ಲ. ಮೂರು ಜೋಕ್ ದಾಟಿದ ಮೇಲೆ ನಾಲ್ಕನೆಯದರ ಬದಲು ಮಗುವಿನ ಕುತ್ತಿಗೆಗೆ ಆಸರೆ ಕೊಟ್ಟು ಎತ್ತಿಕೊಳ್ಳುವ ಬಗೆ ಬಂದರೆ ಅದನ್ನೂ ಓದಿಬಿಡುತ್ತಾನೆ.

ಮುಂಬೈನ ಕೊಡುಗೆ

ಮುಂಬೈಗೂ ಈ ಸಾಲಿನಲ್ಲಿ ಪಾಲಿದೆ. ಇಲ್ಲಿ ಹಿಂದೂಸ್ತಾನ್ ಟೈಮ್ಸ್ ಆವೃತ್ತಿಯ ಸಂಪಾದಕರಾಗಿದ್ದ ಸೌಮ್ಯ ಭಟ್ಟಾಚಾರ್ಯ 2012ರಲ್ಲಿ 'ಡ್ಯಾಡ್ಸ್ ದಿ ವರ್ಡ್' ಎಂಬ ಪುಸ್ತಕ ತಂದರು. ಮಗಳ ಅಪ್ಪನಾಗಿ ಕಂಡ ಸುಖ ಮತ್ತು ಪೇಚು ಅದರ ವಸ್ತು. ಅದು ಕೈಪಿಡಿಯಲ್ಲ, ಅನುಭವ ಕಥನ. ಮರುವರ್ಷ, ಇದೇ ನಗರದ ಪತ್ರಕರ್ತೆ ಲಲಿತಾ ಅಯ್ಯರ್ ಅವರ 'ಐ ಆ್ಯಮ್ ಪ್ರೆಗ್ನೆಂಟ್, ನಾಟ್ ಟರ್ಮಿನಲಿ ಇಲ್, ಯೂ ಈಡಿಯಟ್!' ಬಂತು. ಇದು ಅಮ್ಮಂದಿರಿಗೆ ಬರೆದದ್ದೇ ಆದರೂ, ಗರ್ಭಿಣಿಯ ಸುತ್ತ ಜನ ಹೇಗೆ ವರ್ತಿಸುತ್ತಾರೆ ಎಂದು ತಿಳಿಯಲು ಗಂಡಂದಿರೂ ಓದಬಹುದು.

ಹಾಸ್ಯ ಬೇಡ, ನೇರ ಮಾಹಿತಿ ಸಾಕು ಎನ್ನುವವರಿಗೆ ಮುಂಬೈನ ಮಕ್ಕಳ ತಜ್ಞ ಡಾ. ಆರ್.ಕೆ. ಆನಂದ್ ಅವರ 'ಗೈಡ್ ಟು ಚೈಲ್ಡ್ ಕೇರ್' ಇದೆ. ಸ್ತನ್ಯಪಾನದ ಪರವಾಗಿ ದೀರ್ಘಕಾಲ ಕೆಲಸ ಮಾಡಿದ ವೈದ್ಯರು ಅವರು.

ಕನ್ನಡದಲ್ಲಿ ಏನಿದೆ?

ಆರೋಗ್ಯ ಸಾಹಿತ್ಯಕ್ಕೆ ಕನ್ನಡದಲ್ಲಿ ಬರವಿಲ್ಲ. ವೈದ್ಯೆ, ಕಾದಂಬರಿಗಾರ್ತಿ ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು', 'ವಧುವಿಗೆ ಕಿವಿಮಾತು', 'ಕೇಳು ಕಿಶೋರಿ', 'ದಾಂಪತ್ಯ ದೀಪಿಕೆ' ಪುಸ್ತಕಗಳನ್ನು ಎರಡು ತಲೆಮಾರು ಓದಿದೆ. ಶೀರ್ಷಿಕೆಗಳನ್ನೇ ಗಮನಿಸಿ. ತಾಯಿಗೊಂದು, ವಧುವಿಗೊಂದು, ಕಿಶೋರಿಗೊಂದು ಪುಸ್ತಕವಿದೆ. ಅಪ್ಪನ ಹೆಸರು ಯಾವುದರ ಮೇಲೂ ಇಲ್ಲ. ಇದು ಲೇಖಕಿಯ ಕೊರತೆಯಲ್ಲ. ಮಗು ಸಾಕುವುದು ಹೆಂಗಸರ ಕೆಲಸ ಎಂದು ಸಮಾಜ ತಿಳಿದಿದ್ದ ಕಾಲವದು.

ಹಾಗೆಂದು ವೈದ್ಯರು ನಗಿಸುವುದು ಕನ್ನಡಕ್ಕೆ ಹೊಸದೇನೂ ಅಲ್ಲ. 1942ರಲ್ಲಿ ಹಾಸ್ಯ ಪತ್ರಿಕೆ 'ಕೊರವಂಜಿ' ಆರಂಭಿಸಿದ 'ರಾಶಿ' ಅಂದರೆ ಡಾ. ಎಂ. ಶಿವರಾಂ ವೃತ್ತಿಯಲ್ಲಿ ವೈದ್ಯರೇ. ಔಷಧಿಯೂ ಹಾಸ್ಯವೂ ಒಂದೇ ಕೈಯಿಂದ ಬಂದ ಭಾಷೆಯಲ್ಲಿ ಹೊಸ ಅಪ್ಪನಿಗೊಂದು ನಗೆ ಕೈಪಿಡಿ ಬರೆಯಲು ಧಾರಾಳ ಜಾಗವಿದೆ.

ಧೈರ್ಯ ತರುವ ಸಂಗತಿಗಳು

ಒಳ್ಳೆಯ ಪುಸ್ತಕ ನಗುವಿನ ಜತೆಗೆ ಅಂಕಿಯನ್ನೂ ಕೊಡುತ್ತದೆ. ಹೊಸ ಅಪ್ಪಂದಿರ ನಿದ್ದೆಗೆಡಿಸುವ ಹಲವು ಸಂಗತಿಗಳು ವೈದ್ಯರ ದೃಷ್ಟಿಯಲ್ಲಿ ಸಹಜ.

* ಹುಟ್ಟಿದ ಮೊದಲ ಕೆಲವು ದಿನ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ. ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ.
* ನವಜಾತ ಶಿಶು ದಿನಕ್ಕೆ 8ರಿಂದ 12 ಬಾರಿ ಹಾಲು ಕುಡಿಯುತ್ತದೆ. 'ಈಗ ತಾನೇ ಕುಡಿಯಿತಲ್ಲ' ಎಂದು ಗೊಣಗಿ ಪ್ರಯೋಜನವಿಲ್ಲ.
* ಹಾಲು ಸಾಲುತ್ತಿದೆಯೇ ಎಂದು ತಿಳಿಯುವ ಸುಲಭ ದಾರಿ ಒದ್ದೆಯಾದ ನ್ಯಾಪಿಗಳನ್ನು ಎಣಿಸುವುದು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಅಥವಾ ಹೆಚ್ಚು ಇದ್ದರೆ ಒಳ್ಳೆಯ ಲಕ್ಷಣ. ಲೆಕ್ಕ ಇಡುವ ಈ ಕೆಲಸವನ್ನು ಅಪ್ಪ ವಹಿಸಿಕೊಳ್ಳಬಹುದು.
* ಮಗುವಿನ ಅಳು ಸುಮಾರು ಆರನೇ ವಾರದಲ್ಲಿ ಅತಿ ಹೆಚ್ಚಿರುತ್ತದೆ. ಮೂರು-ನಾಲ್ಕು ತಿಂಗಳ ಹೊತ್ತಿಗೆ ತಗ್ಗುತ್ತದೆ. ಪಕ್ಕದ ಫ್ಲ್ಯಾಟ್‌ನವರಿಗೂ ಈ ಮಾಹಿತಿ ಕೊಟ್ಟರೆ ಒಳಿತು.
* ಮಗುವನ್ನು ಬರಿಮೈಗೆ ಒರಗಿಸಿಕೊಳ್ಳುವ 'ಕಾಂಗರೂ ಆರೈಕೆ'ಯನ್ನು ಅಪ್ಪನೂ ಮಾಡಬಹುದು.

ಎದೆಹಾಲು ಕೊಡುವುದೊಂದನ್ನು ಬಿಟ್ಟರೆ ಮಗುವಿನ ಉಳಿದೆಲ್ಲ ಕೆಲಸವೂ ಅಪ್ಪನಿಂದ ಸಾಧ್ಯ. ತೇಗು ಬರಿಸುವುದು, ನ್ಯಾಪಿ ಬದಲಿಸುವುದು, ಮಲಗಿಸುವುದು, ಲಸಿಕೆ ಕಾರ್ಡ್ ನೋಡಿಕೊಳ್ಳುವುದು ಎಲ್ಲವೂ ನಾಲ್ಕು ದಿನದ ಅಭ್ಯಾಸ. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್ ಬಿ ಲಸಿಕೆಗಳ ನಂತರ 6, 10 ಮತ್ತು 14ನೇ ವಾರದ ಸರದಿ ಬರುತ್ತದೆ. ಮೊಬೈಲ್‌ನಲ್ಲಿ ಐಪಿಎಲ್ ವೇಳಾಪಟ್ಟಿ ಇಟ್ಟುಕೊಳ್ಳುವವರಿಗೆ ಈ ಮೂರು ದಿನಾಂಕ ಭಾರವಾಗಲಾರದು.

ಇಲ್ಲಿ ನಗು ಬೇಡ

'ಏನೂ ಆಗಲ್ಲ ಬಿಡಿ' ಎಂಬ ಧಾಟಿಗೂ ಒಂದು ಮಿತಿ ಇದೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬಾರದು. ಹಾಲು ಕುಡಿಯಲು ನಿರಾಕರಿಸಿದರೆ, ಉಸಿರಾಟ ಕಷ್ಟವಾದರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ, ಅಂಗೈ-ಅಂಗಾಲು ಹಳದಿಯಾದರೆ ತಕ್ಷಣ ವೈದ್ಯರ ಬಳಿ ಹೋಗಿ.

ಒಂದು ವರ್ಷ ತುಂಬುವ ಮೊದಲು ಜೇನುತುಪ್ಪ ಕೊಡಬೇಡಿ, ನಾಲಿಗೆಗೆ ನೆಕ್ಕಿಸುವುದೂ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಶಿಶುವಿಗೆ ಅಪಾಯಕಾರಿ. ಮಗುವನ್ನು ಅಂಗಾತ ಮಲಗಿಸಿ. ಎಷ್ಟೇ ಸಿಟ್ಟು ಬಂದರೂ ಮಗುವನ್ನು ಅಲುಗಾಡಿಸಬೇಡಿ, ಅದರಿಂದ ಮೆದುಳಿಗೆ ಪೆಟ್ಟಾಗಬಹುದು. ತಾಳ್ಮೆ ಮೀರಿದರೆ ಮಗುವನ್ನು ಸುರಕ್ಷಿತವಾಗಿ ಮಲಗಿಸಿ ಐದು ನಿಮಿಷ ಪಕ್ಕಕ್ಕೆ ಹೋಗಿ. ಅಳುವ ಮಗು ಅಷ್ಟು ಹೊತ್ತು ಕಾಯಬಲ್ಲದು.

ಮಗು ಊರಲ್ಲಿ, ಅಪ್ಪ ಮುಂಬೈನಲ್ಲಿ

ವಿದೇಶಿ ಪುಸ್ತಕಗಳಲ್ಲಿ ಇಲ್ಲದ ಅಧ್ಯಾಯವೊಂದು ಮುಂಬೈ ಕನ್ನಡಿಗರಿಗೆ ಬೇಕು. ಬಾಣಂತನಕ್ಕೆ ಹೆಂಡತಿ ತವರಿಗೆ, ಅಂದರೆ ಉಡುಪಿಗೋ, ಮಂಗಳೂರಿಗೋ, ಹುಬ್ಬಳ್ಳಿಗೋ ಹೋಗಿರುತ್ತಾಳೆ. ಗಂಡ ಡೊಂಬಿವಲಿಯಿಂದಲೋ ಮೀರಾ ರೋಡ್‌ನಿಂದಲೋ ಲೋಕಲ್ ಹಿಡಿದು ಕೆಲಸಕ್ಕೆ ಹೋಗುತ್ತಿರುತ್ತಾನೆ. ಕೊಂಕಣ ರೈಲು ಹಳಿ ಪೂರ್ಣಗೊಂಡ 1998ರಿಂದ ಒಂದೇ ರಾತ್ರಿಯಲ್ಲಿ ಕರಾವಳಿ ತಲುಪಬಹುದು ಎನ್ನುವುದು ನಿಜ. ಆದರೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನ ಟಿಕೆಟ್ ಸಿಕ್ಕರೂ ರಜೆ ಸಿಗಬೇಕಲ್ಲ?

ಕೇಂದ್ರ ಸರ್ಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಇದೆ. ಎರಡಕ್ಕಿಂತ ಕಡಿಮೆ ಮಕ್ಕಳಿರುವವರು ಹೆರಿಗೆಯಾದ ಆರು ತಿಂಗಳೊಳಗೆ ಅದನ್ನು ಬಳಸಿಕೊಳ್ಳಬಹುದು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, ಆದರೆ ಖಾಸಗಿ ಕಂಪನಿಯ ಅಪ್ಪನಿಗೆ ಕಾನೂನು ಒಂದು ದಿನವನ್ನೂ ಕೊಡಲಿಲ್ಲ. ಅದೇ ವರ್ಷ ಮಹಾರಾಷ್ಟ್ರದ ಸಂಸದ ರಾಜೀವ್ ಸಾತವ್ ಖಾಸಗಿ ಮಸೂದೆ ಮಂಡಿಸಿ ಎಲ್ಲ ವಲಯದ ಅಪ್ಪಂದಿರಿಗೂ ರಜೆ ಕೇಳಿದ್ದರು. ಅದು ಕಾನೂನಾಗಲಿಲ್ಲ. ಹೀಗಾಗಿ ಹೋಟೆಲ್ ಕೆಲಸಗಾರನಿಗೋ ಡೆಲಿವರಿ ಬಾಯ್‌ಗೋ ಪಿತೃತ್ವ ರಜೆ ಎಂದರೆ ಸಂಬಳ ಕಡಿತ ಎಂದೇ ಅರ್ಥ. 'ಅಪ್ಪ ಏನೂ ಮಾಡಲ್ಲ' ಎಂಬ ಜೋಕ್ ಹೇಳುವಾಗ ಇದನ್ನೂ ನೆನಪಿಡಬೇಕು.

ದೂರದಲ್ಲಿರುವ ಅಪ್ಪನ ಗಮನಕ್ಕೆ ಇನ್ನೊಂದು ಮಾತು. ಜನನ ನೋಂದಣಿ ಆಗಬೇಕಾದ್ದು ಮಗು ಹುಟ್ಟಿದ ಊರಿನಲ್ಲಿ, ಅದೂ 21 ದಿನಗಳೊಳಗೆ. ಆಸ್ಪತ್ರೆ ಮಾಹಿತಿ ಕಳುಹಿಸಿದೆಯೇ, ಹೆಸರುಗಳ ಕಾಗುಣಿತ ಸರಿಯಿದೆಯೇ ಎಂದು ವಿಚಾರಿಸಲು ಫೋನ್ ಸಾಕು.

ಅಪ್ಪನಿಗೂ ಮನಸ್ಸಿದೆ

ಹೆರಿಗೆಯ ನಂತರದ ಖಿನ್ನತೆ ತಾಯಂದಿರಿಗಷ್ಟೇ ಸೀಮಿತವಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ವೈದ್ಯಕೀಯ ಪತ್ರಿಕೆ 'ಜಾಮಾ' ಪ್ರಕಟಿಸಿದ ವರದಿಯ ಪ್ರಕಾರ ಸುಮಾರು ಶೇ. 10ರಷ್ಟು ಅಪ್ಪಂದಿರಲ್ಲಿ ಖಿನ್ನತೆಯ ಲಕ್ಷಣ ಕಂಡುಬಂದಿತ್ತು. ಗಂಡಸರಲ್ಲಿ ಇದು ಅಳುವಿಗಿಂತ ಸಿಡುಕು, ಅತಿಯಾದ ಕೆಲಸ, ಕುಡಿತದ ರೂಪದಲ್ಲಿ ಕಾಣಿಸಿಕೊಳ್ಳುವುದುಂಟು. ಎರಡು ವಾರ ಕಳೆದರೂ ಮನಸ್ಸು ಹಗುರಾಗದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಪುಸ್ತಕ ಆರಿಸುವುದು ಹೇಗೆ?

ಕೊಳ್ಳುವ ಮುನ್ನ ಜ್ವರ, ನಿದ್ದೆ ಮತ್ತು ಎದೆಹಾಲಿನ ಬಗ್ಗೆ ಬರೆದ ಪುಟಗಳನ್ನು ತೆರೆದು ನೋಡಿ. ವೈದ್ಯರನ್ನು ಯಾವಾಗ ಕಾಣಬೇಕೆಂದು ಸ್ಪಷ್ಟವಾಗಿ ಹೇಳಿದ್ದರೆ ಒಳ್ಳೆಯದು. ಲಸಿಕೆ, ರಜೆ, ವಿಮೆಯ ವಿವರ ವಿದೇಶದ್ದಾಗಿದ್ದರೆ ಆ ಭಾಗ ಬಿಟ್ಟುಬಿಡಿ. ಇಡೀ ಪುಸ್ತಕದಲ್ಲಿ ಅಪ್ಪ ದಡ್ಡ, ಅಮ್ಮ ಸರ್ವಜ್ಞೆ ಎಂಬ ಜೋಕ್‌ಗಳೇ ತುಂಬಿದ್ದರೆ ಅದನ್ನು ಅಂಗಡಿಯಲ್ಲೇ ಬಿಡಿ. ನನಗೆ ಬರಲ್ಲ ಎಂದು ನಕ್ಕು ಅಪ್ಪ ಜಾರಿಕೊಂಡರೆ ರಾತ್ರಿ ಮೂರು ಗಂಟೆಗೆ ಏಳುವ ಸರದಿ ಮತ್ತೆ ಅಮ್ಮನದೇ ಆಗುತ್ತದೆ.

ಪುಸ್ತಕವನ್ನು ಏಳನೇ ತಿಂಗಳ ಹೊತ್ತಿಗೇ, ಸೀಮಂತದ ಗಡಿಬಿಡಿಯ ನಡುವೆಯೇ ಓದಿ ಮುಗಿಸುವುದು ಜಾಣತನ. ಮಗು ಬಂದ ಮೇಲೆ ಓದಲು ಸಮಯ ಸಿಗುವುದಿಲ್ಲ ಎಂದು ಈ ಎಲ್ಲ ಲೇಖಕರೂ ಒಪ್ಪುತ್ತಾರೆ.