ಪಾರ್ಶ್ವವಾಯು, ಮನೆ ಮತ್ತು ಯಂತ್ರ

ಪಾರ್ಶ್ವವಾಯುವಿಗೆ ತುತ್ತಾದವರು ಆಸ್ಪತ್ರೆಯಿಂದ ಮನೆಗೆ ಮರಳಿದ ದಿನ ಜೀವ ಉಳಿಯಿತಲ್ಲ ಎಂಬ ಸಮಾಧಾನ ಎಲ್ಲರಿಗೂ ಇರುತ್ತದೆ. ಸೋತ ಕೈಯ ಪಾಲಿಗಾದರೋ ನಿಜವಾದ ಪರೀಕ್ಷೆ ಆರಂಭವಾಗುವುದು ಅಂದಿನಿಂದಲೇ.

ಮೆದುಳಿನ ಒಂದು ಭಾಗಕ್ಕೆ ರಕ್ತ ತಲಪದೆ ಹೋದಾಗ, ಇಲ್ಲವೇ ಅಲ್ಲಿಯ ರಕ್ತನಾಳ ಒಡೆದಾಗ, ಜೀವಕೋಶಗಳು ಸಾಯುತ್ತವೆ. ಅಳಿದವು ಮರಳಿ ಬಾರವು. ಆದರೆ ಉಳಿದವು ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು, ಕಳೆದುಹೋದ ಕೆಲಸದ ಸ್ವಲ್ಪ ಭಾಗವನ್ನಾದರೂ ವಹಿಸಿಕೊಳ್ಳಬಲ್ಲವು. ಅದಕ್ಕೆ ಅಭ್ಯಾಸ ಬೇಕು; ಅದೂ ಅಲ್ಪಸ್ವಲ್ಪವಲ್ಲ. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಮೆದುಳು ಮಾರ್ಪಟ್ಟದ್ದು ದಿನಕ್ಕೆ ನೂರಾರು ಬಾರಿ ಮಾಡಿಸಿದ ಚಲನೆಯಿಂದ. ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಉತ್ತರ ಅಮೆರಿಕದ ಚಿಕಿತ್ಸಾಲಯಗಳಲ್ಲಿ ಎಣಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕವಾದರೋ ಬೇರೆ: ಒಂದು ಸಲದ ಚಿಕಿತ್ಸೆಯಲ್ಲಿ ಕೈಯಿಂದ ಮಾಡಿಸಿದ ಉಪಯುಕ್ತ ಚಲನೆಗಳು ಸರಾಸರಿ 32. ಉಳಿದದ್ದೆಲ್ಲ ಮನೆಯಲ್ಲಿ ಆಗಬೇಕು.

ಮನೆಯಲ್ಲಿ ಆಗುವುದೇನು? ಬಲಗೈ ಸೋತ ಹಿರಿಯರು ಎಡಗೈಯಿಂದಲೇ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುತ್ತಾರೆ. ಅದೂ ಆಗದಿದ್ದರೆ "ನೀವು ಸುಮ್ಮನೆ ಕೂತಿರಿ ಮಾವ, ನಾನು ಹಾಕುತ್ತೇನೆ" ಎಂದು ಸೊಸೆ ಮುಂದೆ ಬರುತ್ತಾಳೆ. ಕೈಯಲ್ಲಿ ಅಷ್ಟಿಷ್ಟು ಶಕ್ತಿ ಉಳಿದಿದ್ದರೂ ಅದನ್ನು ಬಳಸದಿರುವುದೇ ಅಭ್ಯಾಸವಾಗಿಬಿಡುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಇದಕ್ಕೆ 'ಕಲಿತ ಅನುಪಯೋಗ' ಎಂಬರ್ಥದ ಹೆಸರನ್ನಿಟ್ಟರು. ಮನೆಗೆಂದು ಯಂತ್ರ ರಚಿಸುವವರು ಎದುರಿಸಬೇಕಾದ ಶತ್ರು ಇದೇ ಎಂದು ನನ್ನ ಅಭಿಪ್ರಾಯ.

ಇಂಥ ಯಂತ್ರಗಳಿಂದ ಪ್ರಯೋಜನವಿದೆಯೇ? ಅಮೆರಿಕದ 11 ಕೇಂದ್ರಗಳಲ್ಲಿ 124 ರೋಗಿಗಳನ್ನು ಒಳಗೊಂಡು ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನ ಚಿಕಿತ್ಸಾಲಯಕ್ಕೆ ಹೋದರು. ಉಳಿದವರು ಮನೆಯಲ್ಲೇ ಗಣಕಯಂತ್ರದ ಮುಂದೆ ಕುಳಿತು ಆಟಗಳ ರೂಪದಲ್ಲಿ ಕೈಗೆ ವ್ಯಾಯಾಮ ಕೊಟ್ಟರು. ಮನೆಯವರ ಕೈ ಚಿಕಿತ್ಸಾಲಯದವರ ಕೈಗಿಂತ ಹಿಂದೆ ಬೀಳಲಿಲ್ಲ. ಆದರೆ ಗಮನಿಸಿ: 36 ಪಾಠಗಳಲ್ಲಿ 18ರಲ್ಲಿ ಚಿಕಿತ್ಸಕರು ತೆರೆಯ ಮೇಲೆ ಕಾಣಿಸಿಕೊಂಡು ತಿದ್ದುತ್ತಿದ್ದರು. ಯಂತ್ರದ ಹಿಂದೆ ಒಬ್ಬ ಮನುಷ್ಯನಿದ್ದ. 2016ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಇನ್ನೂ ಸ್ವಾರಸ್ಯದ್ದು. ಆಸ್ಪತ್ರೆಯಲ್ಲಿದ್ದ ರೋಗಿಗಳಲ್ಲಿ ಕೆಲವರಿಗೆ ವಿಡಿಯೋ ಆಟ, ಕೆಲವರಿಗೆ ಇಸ್ಪೀಟು, ಡಾಮಿನೋ ಮುಂತಾದವನ್ನು ಕೊಟ್ಟು ನೋಡಿದರೆ, ಫಲದಲ್ಲಿ ಭೇದವೇ ಕಾಣಲಿಲ್ಲ!

ನಮ್ಮ ದೇಶದಲ್ಲಿ 14 ಕೇಂದ್ರಗಳಲ್ಲಿ 1250 ರೋಗಿಗಳನ್ನು ಸೇರಿಸಿಕೊಂಡು, ಮನೆಯವರಿಗೇ ತರಬೇತಿ ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಹೊರಬಂತು. ಆರು ತಿಂಗಳ ಬಳಿಕ ತರಬೇತಿ ಪಡೆದ ಕುಟುಂಬಗಳ ರೋಗಿಗಳಿಗೂ ಉಳಿದವರಿಗೂ ಅಂತರ ಸಿಗಲಿಲ್ಲ. ಆದ್ದರಿಂದ ಆಟಿಕೆಯನ್ನಾಗಲಿ, ಹೊಣೆಯನ್ನಾಗಲಿ ಮನೆಯ ಬಾಗಿಲಲ್ಲಿ ಇಳಿಸಿ ಹೋದರೆ ಸಾಲದು.

ರಚನೆಯಲ್ಲಿ ಸಣ್ಣ ಸಂಗತಿಗಳೇ ದೊಡ್ಡವು. ಕಟ್ಟಿಕೊಳ್ಳಲು ಎರಡು ಕೈ ಬೇಕಾದ ಪಟ್ಟಿ ಒಂದು ಕೈಯವರಿಗೆ ಏತಕ್ಕೆ? ಮಾತು, ಓದು ಕಳೆದುಕೊಂಡವರಿಗೆ ಅಕ್ಷರಗಳ ಸೂಚನೆ ವ್ಯರ್ಥ, ಚಿತ್ರ ಬೇಕು. ಎಡಗಡೆಯ ಲೋಕವೇ ಅರಿವಿಗೆ ಬಾರದಂತಾದವರಿಗೆ ತೆರೆಯ ಎಡ ಅಂಚಿನ ಗುಂಡಿ ಇದ್ದೂ ಇಲ್ಲ. ಮನೆಗೊಂದೇ ಫೋನಿದ್ದು ಅದನ್ನು ಮಗ ಕೆಲಸಕ್ಕೆ ಒಯ್ದರೆ, ಹಗಲಿನ ಅಭ್ಯಾಸ ಅಲ್ಲಿಗೇ ನಿಂತಿತು.

ನನಗೆ ಹೆಚ್ಚು ಭರವಸೆ ತೋರುವುದು ಎರಡೂ ಮಣಿಕಟ್ಟುಗಳಿಗೆ ಕಟ್ಟುವ, ಚಲನೆಯನ್ನು ಅಳೆಯುವ ಸಣ್ಣ ಉಪಕರಣ. ಆರೋಗ್ಯವಂತರಲ್ಲಿ ಎರಡು ಕೈಗಳೂ ದಿನದಲ್ಲಿ ಹೆಚ್ಚುಕಡಿಮೆ ಸಮಾನ ಹೊತ್ತು ಆಡುತ್ತಿರುತ್ತವೆ. ಸೋತ ಕೈ ಎಷ್ಟು ಹೊತ್ತು ಮಡಿಲಲ್ಲೇ ಬಿದ್ದಿತ್ತೆಂಬುದನ್ನು ಅದು ಸಂಜೆಗೆ ತಿಳಿಸಬಲ್ಲದು. ಆಗ ಸೊಸೆ ಚಮಚವನ್ನು ಬದಿಗಿಟ್ಟು, ಮಾವನವರ ಬಲಗೈಯನ್ನು ತಟ್ಟೆಯ ಬಳಿ ತಂದು, ಸಾರನ್ನವನ್ನು ಅವರೇ ಕಲಸಲೆಂದು ಕಾಯಬಹುದು. ಚೆಲ್ಲುತ್ತದೆ, ನಿಜ, ಊಟ ಮುಗಿಯಲು ಮುಕ್ಕಾಲು ಗಂಟೆಯೇ ಹಿಡಿದೀತು. ಆ ಮುಕ್ಕಾಲು ಗಂಟೆಯೂ ಆ ಕೈಯ ಅಭ್ಯಾಸದ ಲೆಕ್ಕಕ್ಕೇ ಸೇರುತ್ತದೆ.