ಲೋಹದ ಎಳೆ ಹುಡುಕಿದ ನ್ಯೂಟ್ರಾನು

ದುಮ್ಮವಾಡದಿಂದ ಕಲಘಟಗಿಗೆ ಬಂದು ಯಲ್ಲಾಪುರದ ರಸ್ತೆ ಹಿಡಿದರೆ, ಘಟ್ಟದ ಕಾಡಿನಾಚೆ ಕೈಗಾ. ಅಲ್ಲಿನ ನಾಲ್ಕು ಅಣುಸ್ಥಾವರಗಳಲ್ಲಿ ತಲಾ 306 ಒತ್ತಡ ಕೊಳವೆಗಳಿವೆ. ಜಿರ್ಕೋನಿಯಂಗೆ ಶೇ 2.5ರಷ್ಟು ನಿಯೋಬಿಯಂ ಬೆರೆಸಿ ಮಾಡಿದ ಇವುಗಳ ಗೋಡೆ ನಾಲ್ಕು ಮಿಲಿಮೀಟರ್ ದಪ್ಪವೂ ಇಲ್ಲ. ಇಂಧನ, ಕುದಿಬಿಸಿಯ ಭಾರಜಲ ಎರಡೂ ಇದರೊಳಗೇ. ಕಣ್ಣಿಗೆ ನುಣ್ಣಗೆ ಕಾಣುವ ಆ ಗೋಡೆಯಲ್ಲಿ ತುಂಬಿರುವ ಸೂಕ್ಷ್ಮ ಹರಳುಗಳು ಯಾವ ಕಡೆ ಮುಖ ಮಾಡಿವೆ ಎಂಬುದರ ಮೇಲೆ ಕೊಳವೆಯ ಬಾಳಿಕೆ ನಿಂತಿದೆ.

ಕಲಘಟಗಿಯ ತೊಟ್ಟಿಲು ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಟ್ಟಿಗೆ ಎಳೆಯ ಗುಂಟ ಸೀಳಿದಷ್ಟು ಸಲೀಸಾಗಿ ಅಡ್ಡ ಸೀಳುವುದಿಲ್ಲ. ಒತ್ತಿ, ಎಳೆದು, ಉರುಳೆಗೆ ಕೊಟ್ಟ ಲೋಹಕ್ಕೂ ಇಂಥದೊಂದು ಎಳೆ ಹುಟ್ಟುತ್ತದೆ. ಲೋಹಶಾಸ್ತ್ರದವರು ಅದನ್ನು ಟೆಕ್ಸ್‌ಚರ್ ಎನ್ನುತ್ತಾರೆ.

1920ರ ದಶಕದಲ್ಲೇ ಎಕ್ಸ್-ರೇಯಿಂದ ಇದನ್ನು ಅಳೆಯತೊಡಗಿದ್ದರು. ತೊಡಕೆಂದರೆ, ಎಕ್ಸ್-ರೇ ಲೋಹದ ಮೇಲ್ಪದರ ದಾಟುವುದಿಲ್ಲ. ವಿದ್ಯುದಾವೇಶವಿಲ್ಲದ ನ್ಯೂಟ್ರಾನು ಸೆಂಟಿಮೀಟರುಗಟ್ಟಲೆ ಒಳಹೋಗುತ್ತದೆ. ಆದರೆ ಅದು ಬೇಕಾದಷ್ಟು ಸಿಗಲು ರಿಯಾಕ್ಟರೇ ಬೇಕು! 1946ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ವೊಲನ್ ಮತ್ತು ಶಲ್ ಹರಳುಗಳ ಮೇಲೆ ನ್ಯೂಟ್ರಾನು ಹಾಯಿಸುವ ಕೆಲಸಕ್ಕೆ ಇಳಿದರು. 1953ರಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ಬ್ರಾಕ್‌ಹೌಸ್ ಅದನ್ನೇ ಲೋಹದ ಟೆಕ್ಸ್‌ಚರಿನತ್ತ ತಿರುಗಿಸಿದರು. ಮೂರು ವರ್ಷದ ಬಳಿಕ ಅವರ ಬಳಿ ಕೆಲಸ ಕಲಿಯಲು ಹೋದವರು ಪಿ.ಕೆ. ಅಯ್ಯಂಗಾರ್, ಟ್ರಾಂಬೆಯ ನ್ಯೂಟ್ರಾನ್ ಪ್ರಯೋಗಗಳಿಗೆ ಆಮೇಲೆ ದಾರಿ ಹಾಕಿದವರೂ ಅವರೇ. 1985ರಲ್ಲಿ ಟ್ರಾಂಬೆಯಲ್ಲಿ ಧ್ರುವ ರಿಯಾಕ್ಟರ್ ಶುರುವಾದಾಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ತುಮಕೂರಿನ ರಾಜಾ ರಾಮಣ್ಣ.

ಅಳತೆ ತಾಳ್ಮೆಯ ಕೆಲಸ. ಸಕ್ಕರೆ ಅಚ್ಚಿನಷ್ಟು ಲೋಹದ ತುಂಡನ್ನು 'ಆಯ್ಲರ್ ತೊಟ್ಟಿಲು' ಎಂಬ ಉಂಗುರದೊಳಗೆ ಕೂರಿಸುತ್ತಾರೆ. ಎಣಿಕೆಯ ಯಂತ್ರ ಕದಲದೆ ಒಂದೇ ಕೋನದಲ್ಲಿ ಕಾದಿರುತ್ತದೆ. ತುಂಡನ್ನು ನಾಲ್ಕೈದು ಡಿಗ್ರಿ ತಿರುಗಿಸುವುದು, ಚದುರಿ ಬಂದ ನ್ಯೂಟ್ರಾನು ಎಣಿಸುವುದು, ಮತ್ತೆ ತಿರುಗಿಸುವುದು. ಎಣಿಕೆ ಏರಿದ ಕಡೆ ಹರಳುಗಳು ಒಗ್ಗಟ್ಟಾಗಿವೆ ಎಂದರ್ಥ. ಹೀಗೆ ಗಂಟೆಗಟ್ಟಲೆ ಕೂತ ಮೇಲೆ ಬೆಟ್ಟ-ಕಣಿವೆ ತೋರಿಸುವ ಭೂಪಟದಂಥ ದುಂಡು ಚಿತ್ರವೊಂದು ಮೂಡುತ್ತದೆ. ಅಂಥ ಕೆಲವು ಚಿತ್ರಗಳನ್ನು ಜೋಡಿಸಿ ಹರಳುಗಳ ಪೂರ್ತಿ ಹಂಚಿಕೆ ಲೆಕ್ಕ ಹಾಕುವ ಗಣಿತವನ್ನು 1965ರಲ್ಲಿ ಬುಂಗೆ ಮತ್ತು ರೋ ಬೇರೆಬೇರೆಯಾಗಿಯೇ ಕೊಟ್ಟರು.

ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ದಿನನಿತ್ಯದ ಅಳತೆಗೆ ಎಕ್ಸ್-ರೇ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳೇ ಸಾಕು; ಅಲ್ಲಿನ ಸತ್ಯಂ ಸುವಾಸ್ 2014ರಲ್ಲಿ ಆರ್.ಕೆ. ರೇ ಜೊತೆ ಈ ವಿಷಯಕ್ಕೆ ಒಂದು ಪುಸ್ತಕವನ್ನೇ ಬರೆದರು. ದಪ್ಪ ತುಂಡು, ದೊಡ್ಡ ಹರಳು ಎಂದಾಗ ಮಾತ್ರ ನ್ಯೂಟ್ರಾನಿನ ಬಾಗಿಲು ತಟ್ಟಬೇಕು.

ಕೈಗಾದಂಥ ಕೊಳವೆಗಳಲ್ಲಿ ಹರಳಿನ ಮುಖ್ಯ ಅಕ್ಷ ಹೆಚ್ಚಾಗಿ ಸುತ್ತಳತೆಯ ಕಡೆಗೇ ವಾಲಿರುತ್ತದೆ. ಆ ಜೋಡಣೆಯಿಂದಾಗಿಯೇ, ರಿಯಾಕ್ಟರಿನೊಳಗೆ ವರ್ಷಾನುಗಟ್ಟಲೆ ನ್ಯೂಟ್ರಾನುಗಳ ಏಟು ತಿಂದ ಕೊಳವೆ ಮೆಲ್ಲಗೆ ಉದ್ದವಾಗುತ್ತದೆ. ಅಷ್ಟನ್ನು ಮೊದಲೇ ಲೆಕ್ಕ ಹಾಕಿ, ತುದಿ ಸರಿಯಲು ಜಾಗ ಬಿಟ್ಟೇ ಕೂರಿಸಿರುತ್ತಾರೆ.