ಕುಟುಂಬಕೂಟದ ಒಳಾಂಗಣ ಆಟಗಳು

ಕುಟುಂಬಕೂಟದ ಒಳಾಂಗಣ ಆಟಗಳು ಎಂದರೆ ಹಬ್ಬ, ಮದುವೆ, ನಾಮಕರಣ, ಬೇಸಿಗೆ ರಜೆ ಮೊದಲಾದ ಸಂದರ್ಭಗಳಲ್ಲಿ ಬಂಧುಬಳಗದವರು ಒಂದೆಡೆ ಸೇರಿದಾಗ ಮನೆಯ ಜಗಲಿಯಲ್ಲಿ ಅಥವಾ ನಡುಮನೆಯಲ್ಲಿ ಕುಳಿತು ಆಡುವ ಆಟಗಳು. ಕರ್ನಾಟಕದಲ್ಲಿ ಚೌಕಾಬಾರ, ಪಗಡೆ, ಅಳಗುಳಿಮಣೆ, ಆಡು-ಹುಲಿ ಮುಂತಾದ ಮಣೆಯಾಟಗಳೂ ಒಗಟು, ಅಂತ್ಯಾಕ್ಷರಿ ಮುಂತಾದ ಮಾತಿನ ಆಟಗಳೂ ಈ ಗುಂಪಿಗೆ ಸೇರುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಕೇರಂ, ಲೂಡೊ, ಹಾವು-ಏಣಿ, ತಂಬೋಲಾಗಳು ಇವುಗಳ ಜೊತೆಗೂಡಿದವು. ಆರು ವರ್ಷದ ಮಗುವೂ ಎಂಬತ್ತು ವರ್ಷದ ಅಜ್ಜಿಯೂ ಒಂದೇ ಪಟದ ಮುಂದೆ ಕೂರಬೇಕಾಗುವುದರಿಂದ ಇಂತಹ ಕೂಟಕ್ಕೆ ಆಟವನ್ನು ಆರಿಸುವುದು ಸ್ಪರ್ಧೆಗೆ ಆಟವನ್ನು ಆರಿಸುವುದಕ್ಕಿಂತ ಭಿನ್ನವಾದ ಕೆಲಸವಾಗಿದೆ.

ಹಿನ್ನೆಲೆ

ಭಾರತದಲ್ಲಿ ಮಣೆಯಾಟಗಳಿಗೆ ದೀರ್ಘ ಇತಿಹಾಸವಿದೆ. ಮಹಾಭಾರತದ ಸಭಾಪರ್ವದ ದ್ಯೂತಪ್ರಸಂಗ ಕನ್ನಡಿಗರಿಗೆ ಕುಮಾರವ್ಯಾಸನ ಕಾವ್ಯದಿಂದಲೂ ಯಕ್ಷಗಾನ ಪ್ರಸಂಗಗಳಿಂದಲೂ ಸುಪರಿಚಿತ. ಹಂಪೆಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಪಟಗಳನ್ನು ಇಂದಿಗೂ ಕಾಣಬಹುದು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ವಿಶೇಷ ಆಸಕ್ತಿ ಹೊಂದಿದ್ದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಆಟಗಳಿಗೆ ಮೀಸಲಾಗಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಆಟದ ಪಟಗಳ ಚಿತ್ರಗಳಿವೆ. ಗಂಜೀಫ ಎಂಬ ದುಂಡಗಿನ ಚಿತ್ರಿತ ಎಲೆಗಳ ಆಟವೂ ಇದೇ ಪರಂಪರೆಗೆ ಸೇರಿದುದು. ದಶಾವತಾರ ಗಂಜೀಫದಲ್ಲಿ ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ಎಲೆಗಳಿರುತ್ತವೆ. ಮೈಸೂರಿನ ಗಂಜೀಫ ಎಲೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ.

ವಿದೇಶಿ ಎಂದು ಭಾವಿಸಲಾಗುವ ಕೆಲವು ಆಟಗಳ ಮೂಲವೂ ಭಾರತವೇ. ಪಗಡೆಯ ಬಂಧುವಾದ ಪಚ್ಚೀಸಿಯನ್ನು ಸರಳಗೊಳಿಸಿ ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೊ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆಯಲಾಯಿತು. ಪಾಪಪುಣ್ಯಗಳನ್ನು ಬೋಧಿಸುತ್ತಿದ್ದ ಪರಮಪದದ ಆಟ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಗಿ ಹಾವು-ಏಣಿಯಾಗಿ ಮರಳಿ ಬಂದಿತು.

ಆಯ್ಕೆಯಲ್ಲಿ ಗಮನಿಸುವ ಅಂಶಗಳು

ಆಟಗಾರರ ಸಂಖ್ಯೆ: ಅಳಗುಳಿಮಣೆ, ಆಡು-ಹುಲಿ ಮತ್ತು ಚದುರಂಗ ಇಬ್ಬರ ಆಟಗಳು. ಚೌಕಾಬಾರ, ಪಗಡೆ, ಕೇರಂಗಳನ್ನು ನಾಲ್ವರು ಆಡಬಹುದು. ಹತ್ತಕ್ಕಿಂತ ಹೆಚ್ಚು ಜನ ಸೇರಿದಲ್ಲಿ ತಂಬೋಲಾ, ಅಂತ್ಯಾಕ್ಷರಿ, ಮೂಕಾಭಿನಯಗಳು ಸೂಕ್ತ. ನಾಲ್ವರ ಆಟವನ್ನು ಎಂಟು ಮಂದಿ ಜೋಡಿಗಳಾಗಿ ಆಡುವ ರೂಢಿಯೂ ಇದೆ. ಮಗು ಕವಡೆ ಹಾಕುವುದು, ಅಜ್ಜ ಕಾಯಿ ನಡೆಸುವುದು ಎಂಬ ಹಂಚಿಕೆಯಿಂದ ಇಬ್ಬರಿಗೂ ಪಾಲು ದೊರೆಯುತ್ತದೆ.

ಅದೃಷ್ಟ ಮತ್ತು ಜಾಣ್ಮೆಯ ಪ್ರಮಾಣ: ಕೇವಲ ಜಾಣ್ಮೆಯ ಆಟದಲ್ಲಿ ಬಲ್ಲವರೇ ಪ್ರತಿಸಲ ಗೆಲ್ಲುತ್ತಾರೆ, ಮೂರನೆಯ ಸೋಲಿನ ಹೊತ್ತಿಗೆ ಮಕ್ಕಳು ಎದ್ದು ಹೋಗುತ್ತಾರೆ. ಕೇವಲ ಅದೃಷ್ಟದ ಆಟದಲ್ಲಿ ಆಲೋಚನೆಗೆ ಎಡೆಯಿಲ್ಲದೆ ಹಿರಿಯರು ಬೇಸರಗೊಳ್ಳುತ್ತಾರೆ. ಕವಡೆ ಅಥವಾ ದಾಳದ ಜೊತೆಗೆ ಯಾವ ಕಾಯಿಯನ್ನು ನಡೆಸಬೇಕೆಂಬ ಆಯ್ಕೆಯೂ ಇರುವ ಆಟಗಳು ವಯಸ್ಸಿನ ಅಂತರವನ್ನು ತುಂಬುತ್ತವೆ. ಚೌಕಾಬಾರ, ಪಗಡೆಗಳು ಮನೆಗಳಲ್ಲಿ ಬಹುಕಾಲ ಉಳಿದುದಕ್ಕೆ ಇದೂ ಒಂದು ಕಾರಣ.

ಕಾಲಾವಧಿ: ಅಡುಗೆಗೆ, ಪೂಜೆಗೆ, ಮಗುವಿನ ಆರೈಕೆಗೆ ನಡುವೆ ಎದ್ದು ಹೋಗಬೇಕಾದವರು ದೀರ್ಘ ಆಟಗಳಿಂದ ಹೊರಗುಳಿಯುತ್ತಾರೆ. ಬಹುಪಾಲು ಮನೆಗಳಲ್ಲಿ ಹೀಗೆ ಹೊರಗುಳಿಯುವವರು ಹೆಂಗಸರೇ. ಅರ್ಧ ಗಂಟೆಯಲ್ಲಿ ಮುಗಿಯುವ ಆಟಗಳನ್ನು ಆರಿಸುವುದು, ಇಲ್ಲವೇ ಊಟದ ಕೆಲಸ ಮುಗಿದ ಮೇಲೆ ಎಲ್ಲರೂ ಕೂಡಿ ಆಟ ಆರಂಭಿಸುವುದು ಇದಕ್ಕೆ ಪರಿಹಾರ.

ಹಿರಿಯರ ಅನುಕೂಲ: ನೆಲದ ಮೇಲೆ ಕೂರಲಾಗದವರಿಗಾಗಿ ಪಟವನ್ನು ಮಂಚ ಅಥವಾ ಮೇಜಿನ ಮೇಲಿಡಬೇಕಾಗುತ್ತದೆ. ಕಣ್ಣು ಮಂಜಾದವರಿಗೆ ಸಣ್ಣ ಅಕ್ಷರದ ಎಲೆಗಳಿಗಿಂತ ಕೈಯಿಂದ ಮುಟ್ಟಿ ಎಣಿಸಬಹುದಾದ ಅಳಗುಳಿಮಣೆ ಹಿತಕರ. ಕಿವಿ ಮಂದವಾದವರು ಮಾತಿನ ಆಟಗಳಲ್ಲಿ ಒಂಟಿಯಾಗುತ್ತಾರೆ. ಅವರಿಗೆ ಮೂಕಾಭಿನಯ ಮತ್ತು ಮಣೆಯಾಟಗಳು ಒಪ್ಪುತ್ತವೆ.

ಪುಟ್ಟ ಮಕ್ಕಳ ಸುರಕ್ಷತೆ: ಬೀಜ, ಕವಡೆ, ಗೋಲಿಗಳನ್ನು ಹಸುಗೂಸುಗಳು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಕೆಲವೆಡೆ ಬಳಸುವ ಗುಲಗಂಜಿ ಬೀಜ ವಿಷಕಾರಿಯಾದುದರಿಂದ ಮಕ್ಕಳಿರುವ ಮನೆಯಲ್ಲಿ ಅದರ ಬದಲು ಹುಣಸೆಬೀಜವನ್ನು ಬಳಸುವುದು ಉತ್ತಮ. ಆಟ ಮುಗಿದೊಡನೆ ಅವನ್ನೂ ಎಣಿಸಿ ಡಬ್ಬಿಗೆ ತುಂಬಬೇಕು.

ಪ್ರಮುಖ ಆಟಗಳು

ಚೌಕಾಬಾರ

ಕಟ್ಟೆಮನೆ ಎಂದೂ ಕರೆಯಲಾಗುವ ಈ ಆಟಕ್ಕೆ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದ 5×5ರ, ಅಂದರೆ 25 ಮನೆಗಳ ಪಟ ಸಾಕು. ನಾಲ್ಕು ಬದಿಗಳ ನಡುಮನೆಗಳಿಗೂ ಕೇಂದ್ರದ ಮನೆಗೂ ಅಡ್ಡಗೆರೆ ಎಳೆದು ಗುರುತು ಮಾಡಲಾಗುತ್ತದೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿಗಳು. ಬಳೆಚೂರು, ಬೀಜ, ಕಲ್ಲು, ಗುಂಡಿ ಯಾವುದಾದರೂ ಆಗಬಹುದು. ನಾಲ್ಕು ಕವಡೆಗಳನ್ನು, ಇಲ್ಲವೇ ಒಂದು ಬದಿ ತೇಯ್ದ ಹುಣಸೆಬೀಜಗಳನ್ನು ಹಾಕಿ ಗರವನ್ನು ಎಣಿಸುತ್ತಾರೆ. ಬಾಯಿ ಮೇಲಾಗಿ ಬಿದ್ದ ಕವಡೆಗಳ ಸಂಖ್ಯೆಯೇ ನಡೆಯ ಸಂಖ್ಯೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕು ನಡೆ. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು ನಡೆ. ಚೌಕ ಅಥವಾ ಬಾರ ಬಿದ್ದವರಿಗೆ ಮತ್ತೊಂದು ಸರದಿ ದೊರೆಯುತ್ತದೆ.

ಕಾಯಿ ತನ್ನ ಬದಿಯ ನಡುಮನೆಯಿಂದ ಹೊರಟು ಹೊರಸುತ್ತಿನ 16 ಮನೆಗಳನ್ನು ಅಪ್ರದಕ್ಷಿಣವಾಗಿಯೂ ಒಳಸುತ್ತಿನ 8 ಮನೆಗಳನ್ನು ಪ್ರದಕ್ಷಿಣವಾಗಿಯೂ ದಾಟಿ ಕೇಂದ್ರವನ್ನು ಸೇರಬೇಕು. ಹೊರಟ ಮನೆಯನ್ನು ಬಿಟ್ಟರೆ ಒಟ್ಟು 24 ಹೆಜ್ಜೆಗಳ ದಾರಿ. ಕೇಂದ್ರವನ್ನು ಸೇರಿದ ಕಾಯಿಯನ್ನು ‘ಹಣ್ಣಾಯಿತು’ ಎನ್ನುತ್ತಾರೆ. ಎದುರಾಳಿಯ ಕಾಯಿ ಇರುವ ಮನೆಗೆ ತಲುಪಿದರೆ ಅದನ್ನು ಕಡಿದು ಮೊದಲ ಮನೆಗೆ ಕಳುಹಿಸಬಹುದು. ಗುರುತುಳ್ಳ ಮನೆಗಳಲ್ಲಿ ಮಾತ್ರ ಕಾಯಿಗೆ ರಕ್ಷಣೆ. ಒಂದಾದರೂ ಕಾಯಿಯನ್ನು ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ನಿಯಮ ಬಹುತೇಕ ಕಡೆಗಳಲ್ಲಿದೆ. ಈ ನಿಯಮದಿಂದಾಗಿ ಯಾರೂ ತಮ್ಮ ಪಾಡಿಗೆ ತಾವು ನಡೆದು ಗೆಲ್ಲಲಾಗದು.

ಕವಡೆಯ ಎರಡು ಬದಿಗಳೂ ಸಮಾನವಾಗಿ ಬೀಳುತ್ತವೆ ಎಂದು ಭಾವಿಸಿದರೆ, 16 ಸಾಧ್ಯತೆಗಳಲ್ಲಿ ಒಂದು ಬೀಳುವುದು 4, ಎರಡು ಬೀಳುವುದು 6, ಮೂರು ಬೀಳುವುದು 4 ಬಾರಿ. ಚೌಕಕ್ಕೂ ಬಾರಕ್ಕೂ ಒಂದೊಂದೇ ಬಾರಿ. ಎಂದರೆ ಹೆಚ್ಚಿನ ಸರದಿಯ ಅವಕಾಶ ಎಂಟರಲ್ಲಿ ಒಂದು. ಎದುರಾಳಿಯ ಕಾಯಿ ಎರಡು ಮನೆ ಹಿಂದಿದ್ದರೆ ಅಪಾಯ ಹೆಚ್ಚು ಎಂಬುದನ್ನು ಗಣಿತದ ಹೆಸರೆತ್ತದೆ ಮಕ್ಕಳು ಆಡುತ್ತಲೇ ಕಲಿಯುತ್ತಾರೆ.

ಅಳಗುಳಿಮಣೆ

ಎರಡು ಸಾಲುಗಳಲ್ಲಿ ಏಳೇಳರಂತೆ 14 ಗುಳಿಗಳಿರುವ ಮರದ ಮಣೆ ಇದು. ತುಳುನಾಡಿನಲ್ಲಿ ಇದಕ್ಕೆ ಚೆನ್ನೆಮಣೆ, ತಮಿಳುನಾಡಿನಲ್ಲಿ ಪಲ್ಲಾಂಗುಳಿ, ತೆಲುಗಿನಲ್ಲಿ ವಾಮನಗುಂಟಲು ಎಂಬ ಹೆಸರುಗಳಿವೆ. ಆಫ್ರಿಕಾದ ಮಂಕಾಲ ಆಟಗಳೂ ಇದೇ ಕುಲದವು. ಗುಳಿಗೆ ನಾಲ್ಕರಂತೆ ತುಂಬಿದರೆ 56, ಐದರಂತೆ ತುಂಬಿದರೆ 70 ಬೀಜಗಳು ಬೇಕಾಗುತ್ತವೆ. ಆಟಗಾರರು ತಮ್ಮ ಸಾಲಿನ ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಸಾಗುತ್ತಾರೆ. ಕೈ ಬರಿದಾದಾಗ ಮುಂದಿನ ಗುಳಿಯ ಬೀಜಗಳನ್ನೆತ್ತಿ ಮುಂದುವರಿಯುತ್ತಾರೆ. ಆ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯ ಬೀಜಗಳು ಅವರ ಪಾಲಾಗಿ ಸರದಿ ಬದಲಾಗುತ್ತದೆ. ಇಲ್ಲಿ ದಾಳವಿಲ್ಲ, ಎಣಿಕೆಯೇ ಬಲ.

ತುಳುನಾಡಿನಲ್ಲಿ ಚೆನ್ನೆಯನ್ನು ವಿಶೇಷವಾಗಿ ಮಳೆಗಾಲದ ಆಟಿ ತಿಂಗಳಿನಲ್ಲಿ ಆಡುತ್ತಾರೆ. ಒಡಹುಟ್ಟಿದವರು ಎದುರುಬದುರಾಗಿ ಕುಳಿತು ಚೆನ್ನೆ ಆಡಬಾರದೆಂಬ ನಂಬಿಕೆಯೂ ಅಲ್ಲಿದೆ. ಸಿರಿ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ ಮತ್ತು ದಾರಗರು ಚೆನ್ನೆ ಆಡುತ್ತ ಜಗಳವಾಡಿ, ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದ ಹೊಡೆದು, ಇಬ್ಬರೂ ಸಾವಿಗೀಡಾಗುವ ದುರಂತ ಕಥೆಯಿದೆ. ಆಟದ ಸೋಲು ಬಂಧುತ್ವವನ್ನೇ ಮುರಿಯಬಲ್ಲದೆಂಬ ಹಿರಿಯರ ಎಚ್ಚರಿಕೆಯನ್ನು ಈ ಕಥೆಯಲ್ಲಿ ಕಾಣಬಹುದು.

ಆಡು-ಹುಲಿ ಆಟ

ತ್ರಿಕೋನಾಕಾರದ ಗೆರೆಗಳ ಪಟದ ಮೇಲೆ 3 ಹುಲಿಗಳಿಗೂ 15 ಆಡುಗಳಿಗೂ ನಡೆಯುವ ಆಟ. ಇಬ್ಬರ ಬಲಗಳು ಸಮಾನವಲ್ಲ ಎಂಬುದೇ ಇದರ ವೈಶಿಷ್ಟ್ಯ. ಹುಲಿಯು ಪಕ್ಕದ ಆಡನ್ನು ನೇರಗೆರೆಯಲ್ಲಿ ಹಾರಿ ಕೊಲ್ಲಬಹುದು. ಆಡುಗಳು ಕೊಲ್ಲಲಾರವು, ಆದರೆ ಒತ್ತಾಗಿ ನಿಂತು ಹುಲಿಗಳು ಕದಲದಂತೆ ಕಟ್ಟಿಹಾಕಬಹುದು. ದುರ್ಬಲರು ಒಟ್ಟಾಗಿ ನಿಂತರೆ ಬಲಿಷ್ಠರನ್ನು ತಡೆಯಬಹುದೆಂಬುದು ಮಕ್ಕಳ ಅರಿವಿಗೆ ತಾನಾಗಿಯೇ ಬರುತ್ತದೆ. ಒಂದು ಆಟದ ಬಳಿಕ ಪಕ್ಷ ಬದಲಿಸಿಕೊಳ್ಳುವುದು ನ್ಯಾಯ.

ಕೇರಂ, ಇಸ್ಪೀಟು ಮತ್ತು ತಂಬೋಲಾ

ಕೇರಂನಲ್ಲಿ 9 ಕಪ್ಪು, 9 ಬಿಳಿ ಕಾಯಿಗಳೂ ಒಂದು ಕೆಂಪು ರಾಣಿಯೂ ಇರುತ್ತವೆ. ನಾಲ್ವರಿದ್ದಾಗ ಎದುರುಬದುರು ಕುಳಿತವರು ಜೊತೆಗಾರರಾಗುವುದರಿಂದ, ಪಳಗಿದವರ ಜೊತೆ ಹೊಸಬರನ್ನು ಕೂರಿಸಿ ಸಮತೋಲ ತರಬಹುದು. ಇಸ್ಪೀಟಿನಲ್ಲಿ ಮಕ್ಕಳಿಗೆ ಕತ್ತೆ, ದೊಡ್ಡವರಿಗೆ ರಮ್ಮಿ ಪ್ರಿಯವಾದವು. ತಂಬೋಲಾದಲ್ಲಿ 1ರಿಂದ 90ರವರೆಗಿನ ಸಂಖ್ಯೆಗಳನ್ನು ಕೂಗಲಾಗುತ್ತದೆ. ಪ್ರತಿ ಚೀಟಿಯಲ್ಲಿ 15 ಸಂಖ್ಯೆಗಳಿರುತ್ತವೆ. ಮದುವೆಮನೆಯಷ್ಟು ಜನರಿದ್ದರೂ ನಡೆಯುವ ಈ ಆಟದಲ್ಲಿ ಸಂಖ್ಯೆಗಳನ್ನು ಕನ್ನಡದಲ್ಲಿ ಕೂಗಿದರೆ ಹಿರಿಯರಿಗೆ ಅನುಕೂಲ, ಮಕ್ಕಳಿಗೆ ಕಲಿಕೆ.

ಮಾತಿನ ಆಟಗಳು

ಯಾವ ಸಲಕರಣೆಯೂ ಬೇಡದ ಆಟಗಳಿವು. ಒಗಟುಗಳಲ್ಲಿ ಅಜ್ಜಿಯಂದಿರೇ ಮುಂದು. ಬೀಸುವಕಲ್ಲು, ಒನಕೆ, ಕಣಜಗಳನ್ನು ಕಾಣದ ಮಕ್ಕಳಿಗೆ ಉತ್ತರದ ಜೊತೆಗೆ ಆ ವಸ್ತುವನ್ನೂ ವಿವರಿಸಬೇಕಾಗುತ್ತದೆ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸಬದ್ಧವಾಗಿ ಒಡಪಿನಲ್ಲಿ ಸೇರಿಸಿ ಹೇಳುವ ಪದ್ಧತಿಯೂ ವಿನೋದದ ಸ್ಪರ್ಧೆಯೇ ಆಗಿದೆ. ಅಂತ್ಯಾಕ್ಷರಿಯಲ್ಲಿ ಒಂದು ತೊಡಕುಂಟು: ಕನ್ನಡದಲ್ಲಿ ಣ ಮತ್ತು ಳ ಅಕ್ಷರಗಳಿಂದ ಆರಂಭವಾಗುವ ಹಾಡು ದೊರೆಯುವುದಿಲ್ಲ. ಆದುದರಿಂದ ಅವುಗಳಿಗೆ ಬದಲಾಗಿ ನ ಮತ್ತು ಲ ಅಕ್ಷರಗಳನ್ನು ಒಪ್ಪುವುದೆಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಚಲನಚಿತ್ರಗೀತೆಗಳ ಜೊತೆಗೆ ಭಾವಗೀತೆ, ದೇವರನಾಮ, ಜನಪದಗೀತೆಗಳಿಗೂ ಅವಕಾಶವಿದ್ದರೆ ಮೂರು ತಲೆಮಾರುಗಳೂ ಹಾಡಬಹುದು.

ನಿಯಮಗಳ ಒಪ್ಪಂದ

ಜನಪದ ಆಟಗಳಿಗೆ ಅಚ್ಚಾದ ಒಂದೇ ನಿಯಮಾವಳಿ ಇಲ್ಲ. ಒಂದೇ ಗುಂಪಿನ ಎರಡು ಕಾಯಿಗಳು ಒಂದು ಮನೆಯಲ್ಲಿ ಸೇರಿದರೆ ಗಟ್ಟಿಯಾಗುತ್ತವೆಯೇ, ಸತತವಾಗಿ ಮೂರು ಬಾರ ಬಿದ್ದರೆ ಎಣಿಕೆಯಾಗುತ್ತದೆಯೇ ಎಂಬ ವಿಷಯಗಳಲ್ಲಿ ಊರಿಂದೂರಿಗೆ, ಮನೆಯಿಂದ ಮನೆಗೆ ಭೇದವಿದೆ. ತವರಿನ ನಿಯಮಕ್ಕೂ ಅತ್ತೆಮನೆಯ ನಿಯಮಕ್ಕೂ ವಾದ ಹತ್ತುವುದು ಸಾಮಾನ್ಯ. ಮೊದಲ ಗರ ಹಾಕುವ ಮುನ್ನವೇ ನಿಯಮಗಳನ್ನು ಎಲ್ಲರೆದುರು ಹೇಳಿ ಒಪ್ಪಿಕೊಳ್ಳುವುದು, ಆತಿಥೇಯರ ಮನೆಯ ರೂಢಿಗೆ ಮನ್ನಣೆ ನೀಡುವುದು, ಸಂಶಯ ಬಂದರೆ ಆಡದೆ ಕುಳಿತ ಹಿರಿಯರೊಬ್ಬರ ಮಾತಿಗೆ ಬದ್ಧರಾಗುವುದು ವಾಡಿಕೆ.

ಸೋಲು, ಗೆಲುವು ಮತ್ತು ಪಣ

ಯುಗಾದಿ, ದೀಪಾವಳಿಗಳಲ್ಲಿ ಕೆಲವು ಪ್ರದೇಶಗಳಲ್ಲಿ ಹಣ ಕಟ್ಟಿ ಆಡುವ ರೂಢಿಯಿದೆ. ಜೂಜನ್ನು ಕರ್ನಾಟಕ ಪೊಲೀಸ್ ಕಾಯ್ದೆ, 1963 ನಿರ್ಬಂಧಿಸುತ್ತದೆ. ಕಾನೂನಿನ ಮಾತು ಹಾಗಿರಲಿ, ಬಂಧುಗಳ ನಡುವೆ ಹಣದ ಪಣ ಸಣ್ಣದಾಗಿ ಆರಂಭವಾಗಿ ಮನಸ್ತಾಪದಲ್ಲಿ ಮುಗಿಯಬಹುದು. ಉಳ್ಳವರಿಗೆ ವಿನೋದವಾದ ಮೊತ್ತ ಇಲ್ಲದವರಿಗೆ ಹೊರೆಯಾಗಬಹುದು. ಹಣದ ಬದಲು ಸೋತವರು ಹಾಡು ಹೇಳುವುದು, ಎಲ್ಲರಿಗೂ ಕಾಫಿ ಮಾಡುವುದು ಮುಂತಾದ ಹಗುರ ಶಿಕ್ಷೆಗಳನ್ನಿಡಬಹುದು. ಆದರೆ ಯಾರ ರೂಪ, ಓದು, ಸಂಪಾದನೆಗಳನ್ನೂ ಹಂಗಿಸುವಂತಹ ಶಿಕ್ಷೆ ಇರಬಾರದು.

ಮಕ್ಕಳು ಗೆಲ್ಲಲೆಂದು ದೊಡ್ಡವರು ಬೇಕೆಂದೇ ಸೋಲುವುದುಂಟು. ಮಕ್ಕಳು ಇದನ್ನು ಬೇಗ ಗುರುತಿಸುತ್ತಾರೆ. ಅದಕ್ಕಿಂತ ಮಗುವಿಗೆ ಆರಂಭದಲ್ಲೇ ಒಂದು ಕಾಯಿ ಹಣ್ಣಾಗಿದೆಯೆಂದು ಬಿಟ್ಟುಕೊಟ್ಟು, ಬಳಿಕ ನೇರವಾಗಿ ಆಡುವುದು ಹೆಚ್ಚು ಪ್ರಾಮಾಣಿಕ ಕ್ರಮ.

ಇಂದಿನ ಸ್ಥಿತಿ

ನೆಲದ ಮೇಲೆ ಗೆರೆ ಎಳೆಯುವ ಜಾಗ ನಗರದ ಮನೆಗಳಲ್ಲಿ ಕಡಿಮೆಯಾಗಿದೆ; ಲೂಡೊ, ಚೌಕಾಬಾರಗಳು ಮೊಬೈಲಿಗೆ ಬಂದಿವೆ. ದೂರದೇಶದ ಮೊಮ್ಮಕ್ಕಳೊಡನೆ ಆಡಲು ಇದು ನೆರವಾಗುತ್ತದೆಯಾದರೂ, ಒಂದೇ ಕೋಣೆಯಲ್ಲಿ ಕುಳಿತವರು ಬೇರೆ ಬೇರೆ ಪರದೆಗಳನ್ನು ನೋಡುವಂತೆಯೂ ಮಾಡಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಸಾಂಪ್ರದಾಯಿಕ ಮಣೆಯಾಟಗಳನ್ನು ಮತ್ತೆ ಪರಿಚಯಿಸಿದೆ. ಬಟ್ಟೆಯ ಮೇಲೆ ಮುದ್ರಿಸಿದ ಅಥವಾ ಕಸೂತಿ ಹಾಕಿದ ಪಟಗಳೂ ಮಾರುಕಟ್ಟೆಯಲ್ಲಿವೆ.

ಈ ಆಟಗಳ ನಿಯಮಗಳಲ್ಲಿ ಹೆಚ್ಚಿನವು ಬಾಯಿಂದ ಬಾಯಿಗೆ ಬಂದವು. ಅವನ್ನು ಬಲ್ಲ ಹಿರಿಯರು ಇರುವಾಗಲೇ ಮನೆಯ ಪಾಠವನ್ನು ಬರೆದಿಟ್ಟುಕೊಳ್ಳುವುದು ಅಗತ್ಯ. ಪಟದ ಚಿತ್ರ, ಕಾಯಿಗಳ ಸಂಖ್ಯೆ, ಗರಗಳ ಹೆಸರು, ಕಡಿಯುವ ನಿಯಮ ಮತ್ತು ಆಟ ಮುಗಿಯುವ ಬಗೆ ಈ ಐದು ವಿವರಗಳಿದ್ದರೆ ಮುಂದಿನ ಪೀಳಿಗೆ ಆಟವನ್ನು ಮತ್ತೆ ಕಟ್ಟಿಕೊಳ್ಳಬಲ್ಲದು.

ಇವನ್ನೂ ನೋಡಿ

ಚೌಕಾಬಾರ
ಅಳಗುಳಿಮಣೆ
ಪಗಡೆ
ಗಂಜೀಫ
ಒಗಟು